ಕೇಳಿದ ದಿನ, ಸಿಕ್ಕ ದಿನ: ವಿಜಯಪುರದ ಒಂದು ಕಾಲೇಜಿನ ಒಂದು ವರ್ಷ

ನನ್ನ ಟೇಬಲ್ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಇದೆ. ಗಾಂಧಿ ಚೌಕದ ಅಂಗಡಿಯಲ್ಲಿ ಕೊಂಡದ್ದು. ಒಳಗೆ ನಾನೇ ಸ್ಕೇಲ್ ಹಿಡಿದು ಐದು ಕಾಲಂ ಎಳೆದಿದ್ದೇನೆ: ಹೆಸರು, ಏನು ಬೇಕು, ಕೇಳಿದ ದಿನ, ಸಿಕ್ಕ ದಿನ, ಷರಾ. 2024ರ ಆಗಸ್ಟ್‌ನಿಂದ 2025ರ ಜುಲೈವರೆಗೆ ನಮ್ಮ ಪದವಿ ಕಾಲೇಜಿನಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಏನೇನು ಮಾಡಿದೆವು, ಏನೇನು ಮಾಡಲಿಲ್ಲ ಅನ್ನುವುದು ಅದರಲ್ಲಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ಮಕ್ಕಳ ಹೆಸರಂತೂ ಬೇಡವೇ ಬೇಡ.

ನಾನು ಕನ್ನಡ ಮೇಷ್ಟ್ರು. ಈ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಹೀಗೆ: ವಿಕಲಚೇತನ ಮಕ್ಕಳ ಕೆಲಸ ನೋಡುವ ಸಮಾನ ಅವಕಾಶ ಕೋಶಕ್ಕೆ ಒಬ್ಬರು ಬೇಕು ಎಂದು ಮೀಟಿಂಗ್‌ನಲ್ಲಿ ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ನಾನು ಆ ದಿನ ರಜೆ ಹಾಕಿದ್ದೆ.

ಮೊದಲ ವಾರ ಕಾಯ್ದೆ ಓದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, ಇದರಲ್ಲಿ 21. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5ಕ್ಕೆ ಕಡಿಮೆ ಇಲ್ಲದಷ್ಟು ಸೀಟು, ಅದೂ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇರುವವರಿಗೆ. ಇದೆಲ್ಲ ಸುಲಭವಾಗಿ ತಲೆಗೆ ಹೋಯಿತು. ಹೋಗದೇ ಉಳಿದದ್ದು ಒಂದೇ ಮಾತು. ಒಬ್ಬೊಬ್ಬರಿಗೆ ಬೇಕಾದಂತೆ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ ಕಾಯ್ದೆ. ತಕ್ಕದ್ದು ಅಂದರೆ ಏನು? ಯಾರು ಹೇಳಬೇಕು? ಯಾವಾಗ?

ಅಡ್ಮಿಷನ್ ಫಾರಂನಲ್ಲಿ 'ವಿಕಲಚೇತನರೇ? ಹೌದು / ಇಲ್ಲ' ಎಂಬ ಸಾಲು ಇದೆ. 'ಹೌದು' ಎಂದು ಗುರುತು ಹಾಕಿದವರು ಏಳು ಜನ. ನೋಟಿಸ್ ಹಚ್ಚಿದ ಮೇಲೆ ನನ್ನ ಹತ್ತಿರ ಬಂದವರು ಮೂರೇ. ಉಳಿದ ನಾಲ್ವರಿಗೆ ಸ್ಕಾಲರ್‌ಶಿಪ್ ಒಂದು ಬಂದರೆ ಸಾಕಿತ್ತು. ಮತ್ತೆ 'ಇಲ್ಲ' ಎಂದು ಗುರುತು ಹಾಕಿದವರಲ್ಲೂ ಇರುತ್ತಾರೆ. ಮನೆಯಲ್ಲಿ ಹೆಣ್ಣುಮಗಳ ಮದುವೆ ಮಾತು ನಡೆದಿದ್ದರೆ 'ಹೌದು' ಎಂದು ಯಾರು ಬರೆಯುತ್ತಾರೆ, ಅಲ್ವಾ?

ಬಂದ ಮೂವರನ್ನು ಇಲ್ಲಿ ಊರು, ಕೋರ್ಸ್ ಹಿಡಿದು ಕರೆಯುತ್ತೇನೆ. ಒಬ್ಬ ಇಂಡಿ ಕಡೆಯ ಹಳ್ಳಿಯ ಹುಡುಗ, ಬಿ.ಎ. ಮೊದಲ ವರ್ಷ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇನ್ನೊಬ್ಬಳು ಬಿ.ಕಾಂ. ಹುಡುಗಿ, ಊರಿನವಳೇ, ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಮೂರನೆಯವನು ಸಿಂದಗಿ ಕಡೆಯವನು, ಎರಡೂ ಕಿವಿಗೆ ಮಷಿನ್ ಹಾಕಿಕೊಳ್ಳುತ್ತಾನೆ, ಅವನೂ ಬಿ.ಎ.

ಮೊದಲು ಆದದ್ದು ರ‍್ಯಾಂಪ್. ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ.

ನಮ್ಮ ಮುಖ್ಯ ಬಾಗಿಲಿಗೆ ಮೂರು ಮೆಟ್ಟಿಲು. ಒಂದೊಂದು ಆರು ಇಂಚು, ಒಟ್ಟು ಹದಿನೆಂಟು ಇಂಚು. ರ‍್ಯಾಂಪ್‌ಗೆ ಒಂದಕ್ಕೆ ಹನ್ನೆರಡರ ಲೆಕ್ಕ. ಅಂದರೆ ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕು. ಹದಿನೆಂಟು ಇಂಚಿಗೆ ಹದಿನೆಂಟು ಅಡಿ. ಗುತ್ತಿಗೆದಾರ ಕಟ್ಟಿದ್ದು ಆರು ಅಡಿ. ಬಾಗಿಲ ಮುಂದೆ ಗಾಡಿ ನಿಲ್ಲಿಸುವ ಜಾಗ ಹೋಗುತ್ತದೆ ಎಂದು ಯಾರೋ ಹೇಳಿದರಂತೆ. ಮೇಲೆ ಶಹಾಬಾದ ಕಲ್ಲು ಹಾಸಿ ಪಾಲಿಶ್ ಹೊಡೆದಿದ್ದರು, ಮುಖ ನೋಡಿಕೊಳ್ಳಬಹುದಿತ್ತು. ಟೇಪ್ ಕತ್ತರಿಸಿ ಫೋಟೊ ತೆಗೆದರು. ಆ ಫೋಟೊದಲ್ಲಿ ಬಿ.ಕಾಂ. ಹುಡುಗಿಯೂ ಇದ್ದಾಳೆ, ರ‍್ಯಾಂಪಿನ ಕೆಳಗಡೆ.

ಹತ್ತಿಸಲು ಇಬ್ಬರು ಹುಡುಗರು ಹಿಂದಿನಿಂದ ನೂಕಬೇಕಿತ್ತು. ಇಳಿಸುವುದು ಇನ್ನೂ ಕಷ್ಟ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಮಳೆ ಬಂದಾಗ ಕುರ್ಚಿ ಜಾರಿ, ಹಿಡಿದಿದ್ದ ಹುಡುಗನ ಮೊಣಕಾಲು ಕಿತ್ತಿತು. ಅವತ್ತಿನಿಂದ ಆಕೆ ಹಿಂದಿನ ಬಾಗಿಲಿಗೆ ಬರತೊಡಗಿದಳು. ಅಲ್ಲಿ ಒಂದೇ ಮೆಟ್ಟಿಲು.

ಒಳಗೆ ಬಂದ ಮೇಲೆ? ಬಿ.ಕಾಂ. ತರಗತಿಗಳು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಲಿಫ್ಟ್ ಬೇಕೆಂದು ಪತ್ರ ಬರೆಯೋಣ ಎಂದು ಒಬ್ಬರು, ಬಜೆಟ್ ಬರಲಿ ಎಂದು ಇನ್ನೊಬ್ಬರು. ಆಕೆಯ ತಂದೆ ಒಂದು ಖಾಸಗಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗಳನ್ನು ಬಿಡಲು ಬಂದವರು ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದರು: "ಸರ, ಕ್ಲಾಸ್ ರೂಮೇ ಕೆಳಗ ಇಟ್ರ ಆಗೂದಿಲ್ಲೇನ್ರಿ?"

ಅಷ್ಟೇ. ಮಹಡಿಯ ಕೋಣೆಯನ್ನು ಕೆಳಗಿನ ಮೂರನೇ ನಂಬರಿನ ಕೋಣೆಗೆ ಬದಲಿಸಿದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಆದರೆ ಆ ಕೋಣೆ ಇನ್ನೊಂದು ವಿಭಾಗದ್ದು. ಹದಿನೈದು ವರ್ಷದಿಂದ ಅವರದ್ದೇ, ಗೋಡೆಯ ಮೇಲೆ ಅವರ ಚಾರ್ಟುಗಳಿವೆ. ಜಗಳ, ಮುನಿಸು, ಚಹಾ ಬಿಟ್ಟದ್ದು, ಎಲ್ಲ ಆಯಿತು. ರ‍್ಯಾಂಪ್ ಕಟ್ಟುವುದಕ್ಕೆ ಹಿಡಿದದ್ದು ಒಂಬತ್ತು ದಿನ. ಕೋಣೆ ಬದಲಾಗಲು ನಲವತ್ತೊಂದು ದಿನ. ಅಷ್ಟು ದಿನ ಆಕೆ ಕೆಳಗೆ ಲೈಬ್ರರಿಯಲ್ಲಿ ಕೂತು, ಗೆಳತಿಯರು ಇಳಿದು ಬಂದಾಗ ಅವರ ನೋಟ್ಸ್ ನೋಡಿ ಬರೆದುಕೊಂಡಳು. ಹಾಜರಿ ಕೊಟ್ಟೆವು. ಪಾಠ ಕೊಡಲಿಲ್ಲ.

ಆ ನಲವತ್ತೊಂದು ಎಂಬ ಸಂಖ್ಯೆಯನ್ನು ರಿಜಿಸ್ಟರ್‌ನಲ್ಲಿ ಕಂಡ ಮೇಲೆಯೇ ನನಗೆ ವಿಷಯ ಹೊಳೆದದ್ದು. ನಮ್ಮ ಮುಂದಿದ್ದ ಪ್ರಶ್ನೆ ಸೌಲಭ್ಯ ಇದೆಯೋ ಇಲ್ಲವೋ ಅನ್ನುವುದಾಗಿರಲಿಲ್ಲ. ಎಲ್ಲವೂ ಒಂದಲ್ಲ ಒಂದು ದಿನ ಬರುತ್ತಿತ್ತು. ಪಾಠ ಮುಗಿದ ಮೇಲೆ ನೋಟ್ಸ್, ಪರೀಕ್ಷೆಯ ಬೆಳಗ್ಗೆ ಬರೆಯುವವರು, ಪ್ರವಾಸದ ಹಿಂದಿನ ಸಂಜೆ ಸುದ್ದಿ. ಕಾಗದದ ಮೇಲೆ ನಾವು ಎಲ್ಲ ಕೊಟ್ಟವರೇ.

ಇನ್ನು ಇಂಡಿಯ ಹುಡುಗನ ನೋಟ್ಸ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಪಾಠ ಮಾಡುವ ಎಲ್ಲರಿಗೂ ಬರುವ ತೊಂದರೆ ಇದು.

ಲೈಬ್ರರಿಯ ಒಂದು ಹಳೆಯ ಕಂಪ್ಯೂಟರ್‌ಗೆ ಎನ್‌ವಿಡಿಎ ಹಾಕಿದೆವು. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣುವುದಿಲ್ಲ. ಪೂರ್ತಿ ಉಚಿತ. ಕನ್ನಡವನ್ನೂ ಓದುತ್ತದೆ, ದನಿ ಮಾತ್ರ ತಗಡಿನ ಡಬ್ಬಿಯಲ್ಲಿ ಕೂತು ಮಾತಾಡಿದ ಹಾಗೆ. ಹುಡುಗನಿಗೆ ಅದು ಮೊದಲೇ ರೂಢಿ ಇತ್ತು. ನನಗಿಂತ ಮೂರು ಪಟ್ಟು ಜೋರಾಗಿ ಓಡಿಸಿ ಕೇಳುತ್ತಿದ್ದ. ನನಗೆ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ.

ನಾನು ಹೆಮ್ಮೆಯಿಂದ ನನ್ನ ವಚನ ಸಾಹಿತ್ಯದ ನೋಟ್ಸನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟೆ. ಹತ್ತು ವರ್ಷದಿಂದ ಟೈಪ್ ಮಾಡಿಸಿ ಇಟ್ಟುಕೊಂಡ ನೋಟ್ಸ್ ಅದು. ಅವನು ತೆರೆದ, ಇಯರ್‌ಫೋನ್ ಹಾಕಿಕೊಂಡ. ಅರ್ಧ ನಿಮಿಷ ಕೇಳಿದ. ಇಯರ್‌ಫೋನ್ ತೆಗೆದ.

"ಸರ, ಇವು ಬಸವಣ್ಣನ ವಚನ ಹೌದಲ್ರಿ?"

"ಹೌದಪ್ಪ. ಯಾಕ?"

"ಬರೇ ಪೌಂಡ್, ಯೆನ್ ಅನ್ನಾಕತ್ತೈತ್ರಿ. ಬ್ಯಾಂಕಿನ ಲೆಕ್ಕಾ ಕೊಟ್ಟೀರೇನ ಅಂತ ಮಾಡಿದ್ನಿ."

ಸ್ಪೀಕರ್ ಹಚ್ಚಿ ನಾನೂ ಕೇಳಿದೆ. ನಿಜ. ಪೌಂಡ್, ಯೆನ್, ನಡುವೆ ಇಂಗ್ಲಿಷ್ ಅಕ್ಷರಗಳು.

ಕಾರಣ ಸರಳ. ನಾವೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದವರು. ಆ ಫಾಂಟ್‌ನಲ್ಲಿ ಕನ್ನಡ ಅನ್ನುವುದು ಬರೀ ಮುಖವಾಡ. ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ನಮ್ಮ ಕಣ್ಣಿಗೆ 'ನ' ಕಾಣುವಲ್ಲಿ ಒಳಗೆ ಇರುವುದು ಬ್ರಿಟಿಷ್ ಪೌಂಡಿನ ಚಿಹ್ನೆ, 'ಪ' ಕಾಣುವಲ್ಲಿ ಜಪಾನಿನ ಯೆನ್. ಕಣ್ಣಿದ್ದವರು ಮುಖವಾಡ ನೋಡುತ್ತಾರೆ. ಎನ್‌ವಿಡಿಎ ಒಳಗಿನದ್ದನ್ನು ಓದುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ 'ನ' ಒಳಗೂ 'ನ' ಆಗಿಯೇ ಇರುತ್ತಿತ್ತು. ನಾನು ಹತ್ತು ವರ್ಷ ಪೌಂಡು, ಯೆನ್ ಪಾಠ ಮಾಡಿದ್ದೆ, ಗೊತ್ತೇ ಆಗಿರಲಿಲ್ಲ.

ಪರಿಹಾರ ಇದೆ. ಹಳೆಯ ಫೈಲನ್ನು ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾಗ ತಪ್ಪುತ್ತವೆ, ಒಮ್ಮೆ ಕೂತು ತಿದ್ದಬೇಕು. ನನ್ನ ನೋಟ್ಸ್ ಎರಡು ಸಂಜೆಯಲ್ಲಿ ಮುಗಿಯಿತು. ಆದರೆ ಸಹೋದ್ಯೋಗಿಗಳ ಹತ್ತಿರ ಇದ್ದದ್ದು ಬೇರೆ ಬೇರೆ. ಕೆಲವರದ್ದು ಝೆರಾಕ್ಸ್‌ನ ಝೆರಾಕ್ಸ್, ಅದನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ನಲ್ಲಿ ಅಕ್ಷರ ಮಾಡಿಸಿದರೆ ಅರ್ಧ ಸರಿ, ಅರ್ಧ ಗೊಂದಲ. ಕೆಲವರದ್ದು ಕೈಬರಹ. ಅದಕ್ಕೆ ಯಂತ್ರ ನಡೆಯಲಿಲ್ಲ. ಅವನ ಗೆಳೆಯರು ಮೂವರು ಸಾಲಾಗಿ ಓದಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರು. ಒಂದು ರೆಕಾರ್ಡಿಂಗ್‌ನ ನಡುವೆ 'ಏ, ಚಹಾ ಬಂತಲೇ' ಎಂದು ಕೂಗಿದ್ದು ಇನ್ನೂ ಹಾಗೇ ಇದೆ. ಹುಡುಗ ಅದನ್ನು ಅಳಿಸಲು ಬಿಡಲಿಲ್ಲ.

ಪಠ್ಯಪುಸ್ತಕ ಸ್ಕ್ಯಾನ್ ಮಾಡಬೇಕೆಂದಾಗ ಲೈಬ್ರರಿಯನ್ ಹೆದರಿದರು. "ಕಾಪಿರೈಟ್ ಕೇಸ್ ಆದರೆ ಯಾರ‍್ರೀ ನೋಡೋರು?" ಅವರ ಹೆದರಿಕೆ ತಪ್ಪಲ್ಲ. ಆದರೆ ಕಾನೂನು ಇಲ್ಲಿ ಓದುಗರ ಪರವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿ, ಓದಲು ತೊಂದರೆ ಇರುವವರಿಗಾಗಿ ಅವರಿಗೆ ಆಗುವ ರೂಪದಲ್ಲಿ ಪ್ರತಿ ಮಾಡಲು ಅವಕಾಶ ಸಿಕ್ಕಿತು, ಲಾಭಕ್ಕಾಗಿ ಮಾರುವಂತಿಲ್ಲ ಅಷ್ಟೇ. ಇದೇ ವಿಷಯದ ಮರ್ರಾಕೇಶ್ ಒಪ್ಪಂದ 2013ರಲ್ಲಿ ಆದಾಗ, 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ನಮ್ಮದು. 2016ರಿಂದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಕಾಯ್ದೆಯ ಆ ಕಲಮಿನ ಪ್ರಿಂಟ್ ಕೊಟ್ಟ ಮೇಲೆ ಲೈಬ್ರರಿಯನ್ ಒಪ್ಪಿದರು. ಆಮೇಲೆ ಅವರೇ ಸ್ಕ್ಯಾನರ್ ಮುಂದೆ ಕೂತರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ದಿನಕ್ಕೆ ಇಪ್ಪತ್ತು ಪುಟ. ಈ ವರ್ಷದಲ್ಲಿ ನಾನು ಕಂಡ ಅತಿ ಒಳ್ಳೆಯ ಕೆಲಸ ಅದು. ಅದರ ಫೋಟೊ ಯಾರೂ ತೆಗೆಯಲಿಲ್ಲ.

ಅಕ್ಟೋಬರ್ ಕೊನೆಯಿಂದ ನಿಯಮ ಮಾಡಿಕೊಂಡೆವು: ಪಾಠಕ್ಕೆ ಎರಡು ದಿನ ಮೊದಲು ಯೂನಿಕೋಡ್ ನೋಟ್ಸ್. ಪಾಲಿಸಿದವರು ಆರರಲ್ಲಿ ನಾಲ್ವರು. ಒಬ್ಬ ಹಿರಿಯರು ಕೊನೆಯವರೆಗೂ ಪಾಲಿಸಲಿಲ್ಲ. ಅವರಿಗೆ ನೋಟ್ಸೇ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಪಾಪ, ಅವರು ಬಾಯಿಂದಲೇ ಬಹಳ ಚೆಂದ ಹೇಳುತ್ತಾರೆ. ಅವರ ಕ್ಲಾಸಿನಲ್ಲಿ ಇಂಡಿಯ ಹುಡುಗನಿಗೆ ಏನೂ ಕಡಿಮೆ ಆಗಲಿಲ್ಲ.

ಕಡಿಮೆ ಆದದ್ದು ಸಿಂದಗಿಯ ಹುಡುಗನಿಗೆ. ಅವನು ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ಆ ಹಿರಿಯರಿಗೆ ದಪ್ಪ ಮೀಸೆ, ಮೇಲಿನ ತುಟಿ ಕಾಣುವುದೇ ಇಲ್ಲ. ಇನ್ನು ಕೆಲವರು ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಲೇ ಮಾತಾಡುತ್ತಾರೆ. ನಾನೂ ಹಾಗೇ ಎಂದು ಅವನೇ ಹೇಳಿದ ಮೇಲೆ ತಿಳಿಯಿತು. ಮೀಸೆ ಬೋಳಿಸಿ ಎನ್ನಲು ಬರುವುದಿಲ್ಲ. ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ಮಾತ್ರ ಬಹಳ ಜನ ಬಿಟ್ಟೆವು.

ಬಿಡಿಸಲಾಗದೇ ಉಳಿದದ್ದು ಫ್ಯಾನ್. ಕಿವಿಯ ಮಷಿನ್ ಮೇಷ್ಟ್ರ ದನಿಯ ಜೊತೆ ಫ್ಯಾನಿನ ಗರಗರವನ್ನೂ ಜೋರು ಮಾಡಿ ಕೊಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ವಿಜಯಪುರದಲ್ಲಿ ಎಪ್ಪತ್ತು ಮಕ್ಕಳ ಕ್ಲಾಸಿನ ಫ್ಯಾನ್ ಆರಿಸಿ ಎಂದು ಯಾವ ಬಾಯಿಂದ ಹೇಳುವುದು? ಫ್ಯಾನಿಗೆ ದೂರವಾಗಿ ಕಿಟಕಿಯ ಪಕ್ಕ ಕೂರಿಸಿದೆವು. ಅಲ್ಲಿ ರಸ್ತೆಯ ಹಾರ್ನ್. ಮಾತನ್ನು ಅಕ್ಷರ ಮಾಡಿ ತೋರಿಸುವ ಮೊಬೈಲ್ ಆ್ಯಪ್ ಹಚ್ಚಿ ನೋಡಿದೆವು. ನಮ್ಮ ಕಡೆಯ ಕನ್ನಡ ಅದಕ್ಕೆ ಹತ್ತಲಿಲ್ಲ. 'ಹೋಗಾಕತ್ತಾರ' ಎಂದರೆ ಏನೇನೋ ಬರೆಯಿತು. ಈ ಸಾಲಿನ 'ಸಿಕ್ಕ ದಿನ' ಕಾಲಂನಲ್ಲಿ ಅಡ್ಡಗೆರೆ ಇದೆ.

ರಿಜಿಸ್ಟರ್‌ನ ದೊಡ್ಡ ಕೊರತೆ ತೋರಿಸಿಕೊಟ್ಟವರು ನಮ್ಮ ಕಾಲೇಜಿನ ಆಯಾ. ಅಕ್ಟೋಬರ್‌ನಲ್ಲಿ ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ, ಒಂದ್ ಮಾತು ಹೇಳಬೇಕಾಗಿತ್ರಿ, ಹೊರಗ ಬರ‍್ರಿ" ಎಂದರು.

ಬಿ.ಕಾಂ. ಹುಡುಗಿ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಒಂದು ಗುಟುಕು ನೀರು ಕುಡಿಯುವುದಿಲ್ಲ. ಶೌಚಾಲಯದ ಬಾಗಿಲು ಎರಡಡಿ, ಕುರ್ಚಿ ಹೋಗುವುದಿಲ್ಲ. ಕಾಲೇಜು ಶುರುವಾದಾಗಿನಿಂದ ಹೀಗೇ.

ನನಗೆ ಆಕೆ ಹೇಳಿರಲಿಲ್ಲ. ಹೇಗೆ ಹೇಳುತ್ತಾಳೆ? ನಾನು ಗಂಡಸು, ಮೇಲಾಗಿ ಮೇಷ್ಟ್ರು. ನಮ್ಮ ಕೋಶದಲ್ಲಿ ಆಗ ಇದ್ದವರು ಮೂವರೂ ಗಂಡಸರೇ. 'ಏನು ಬೇಕು' ಕಾಲಂ ಎಳೆಯುವಾಗ, ಬೇಕಾದ್ದನ್ನು ಎಲ್ಲರೂ ಬಂದು ಕೇಳುತ್ತಾರೆ ಎಂದುಕೊಂಡಿದ್ದೆ. ಆ ಸಾಲಿನ 'ಕೇಳಿದ ದಿನ' ಖಾಲಿ ಬಿಟ್ಟೆ. ಷರಾದಲ್ಲಿ 'ಕೇಳಲಿಲ್ಲ, ಕೇಳುವಂತಿರಲಿಲ್ಲ' ಎಂದು ಬರೆದೆ. ಮರುವಾರವೇ ಒಬ್ಬ ಮೇಡಂ ಅವರನ್ನು ಕೋಶಕ್ಕೆ ಸೇರಿಸಿಕೊಂಡೆವು, ಮತ್ತೆ ಆ ಆಯಾ ಅವರನ್ನೂ. ಆಯಾ ಮೀಟಿಂಗ್‌ಗೆ ಬರುವುದು ಕೆಲವರಿಗೆ ಸರಿ ಕಾಣಲಿಲ್ಲ, ಕಾಣದಿದ್ದರೆ ಬಿಡಲಿ ಎಂದೆ.

ಬಾಗಿಲು 900 ಮಿಲಿಮೀಟರ್, ಅಂದರೆ ಸುಮಾರು ಮೂರಡಿ ಅಗಲ ಮಾಡಿ, ಹೊರಗೆ ತೆರೆಯುವಂತೆ ಹಚ್ಚಿ, ಒಳಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಹಾಕಿಸಿದೆವು. ಜನವರಿಯಲ್ಲಿ ಮುಗಿಯಿತು. ಮುಗಿದ ಮೇಲೆ ಹುಡುಗಿ ಏನೂ ಹೇಳಲಿಲ್ಲ. ಬ್ಯಾಗಿನಲ್ಲಿ ನೀರಿನ ಬಾಟಲ್ ಕಾಣಿಸಿತು ಎಂದು ಆಯಾ ಹೇಳಿದರು.

ಇದರ ನಡುವೆ 2024ರ ನವೆಂಬರ್ 8ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂತು, ರಾಜೀವ್ ರತೂರಿ ಪ್ರಕರಣದಲ್ಲಿ. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಂತೆ ಇದ್ದರೆ ನಡೆಯದು, ಕಡ್ಡಾಯ ನಿಯಮ ಮಾಡಿ, ಮೂರು ತಿಂಗಳೊಳಗೆ, ಎಂದು ಕೋರ್ಟ್ ಕೇಂದ್ರಕ್ಕೆ ಹೇಳಿತು. ಆ ಸುದ್ದಿಯ ಕತ್ತರಿಕೆಯನ್ನು ನಾನು ರ‍್ಯಾಂಪ್ ಪಕ್ಕದ ನೋಟಿಸ್ ಬೋರ್ಡಿಗೆ ಹಚ್ಚಿದೆ. ಸುಮ್ನೆ.

ಅದೇ ತಿಂಗಳು ಇತಿಹಾಸ ವಿಭಾಗದವರು ಗೋಳಗುಮ್ಮಟಕ್ಕೆ ಹೊರಟರು. ನಮ್ಮ ಊರಿನವರಿಗೆ ಅದು ಪ್ರವಾಸವೇ ಅಲ್ಲ, ಆದರೆ ಪಾಠದ ಲೆಕ್ಕ. ಬೇರೆ ತರಗತಿಯವರೂ ಬರಬಹುದು ಎಂದಿದ್ದರು. ಕಣ್ಣು ಕಾಣದವನು ಮೇಲೆ ಹತ್ತಿ ಏನು ನೋಡುತ್ತಾನೆ ಎಂದು ಒಬ್ಬರು ಅಂದೇಬಿಟ್ಟರು. ಇಂಡಿಯ ಹುಡುಗ ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಎಲ್ಲರಿಗಿಂತ ಮೊದಲು ಹತ್ತಿದ. ಕತ್ತಲಲ್ಲಿ ಎಡವಿದವರು ನಾವು. ಗುಮ್ಮಟದ ಒಳಗಿನ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮಾತಾಡಿದರೆ ಎದುರು ಬದಿಯಲ್ಲಿ ಕೇಳುತ್ತದೆ. ಅವನನ್ನು ಈ ಕಡೆ ನಿಲ್ಲಿಸಿ ನಾನು ಆ ಕಡೆ ಹೋಗಿ ಕಿವಿ ಇಟ್ಟೆ. ಗೋಡೆಯೊಳಗಿಂದ ಬಂದ ಹಾಗೆ ಮೆಲ್ಲನೆಯ ದನಿ: "ಪೌಂಡ್... ಯೆನ್... ಪೌಂಡ್..."

ಬಿ.ಕಾಂ. ಹುಡುಗಿ ಬಂದಿರಲಿಲ್ಲ. ಮೇಲೆ ಹತ್ತಲಾಗದು ಎಂದು ಅಲ್ಲ. ಕೆಳಗಿನ ದೊಡ್ಡ ಹಜಾರಕ್ಕೆ ನಾಲ್ಕು ಜನ ಎತ್ತಿ ಕೂರಿಸಿದ್ದರೆ ಅಲ್ಲಿಂದಲೂ ಪ್ರತಿಧ್ವನಿ ಕೇಳುತ್ತಿತ್ತು. ನೋಟಿಸ್ ಹಚ್ಚಿದ್ದು ಹಿಂದಿನ ದಿನ ಮಧ್ಯಾಹ್ನ. "ಎರಡ್ ದಿನ ಮೊದಲ ಹೇಳಿದ್ರ ಅಪ್ಪಾ ರಜಾ ಕೇಳ್ತಿದ್ರು, ಗಾಡಿ ಮಾಡ್ಕೊಂಡ್ ಬರ್ತಿದ್ವಿ ಸರ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರ ಅನಿಸುತ್ತಿತ್ತು.

ಇನ್ನು ಪರೀಕ್ಷೆ.

ಬರೆಯಲಾಗದವರ ಪರವಾಗಿ ಬರೆಯುವವರನ್ನು ನಾವು ಸ್ಕ್ರೈಬ್ ಎಂದೇ ಕರೆಯುತ್ತೇವೆ. ಆ ವರ್ಷ ಇದಕ್ಕೆ ಇದ್ದದ್ದು ಕೇಂದ್ರದ ಮಾರ್ಗಸೂಚಿ, 2018ರ ಆಗಸ್ಟ್ 29ರದ್ದು. ಒಂದು ಗಂಟೆಯ ಪರೀಕ್ಷೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಹೆಚ್ಚಿನ ಸಮಯ. ಮೂರು ಗಂಟೆಯ ಪೇಪರ್‌ಗೆ ಇನ್ನೊಂದು ಗಂಟೆ. ವಿದ್ಯಾರ್ಥಿ ತಾನೇ ಸ್ಕ್ರೈಬ್ ಕರೆತಂದರೆ ಅವರು ಓದಿನಲ್ಲಿ ಒಂದು ಹೆಜ್ಜೆ ಕೆಳಗಿರಬೇಕಿತ್ತು. ಮತ್ತೆ ನನಗೆ ಬಹಳ ಹಿಡಿಸಿದ ಸಾಲು: ಪರೀಕ್ಷೆಗೆ ಎರಡು ದಿನ ಮೊದಲು ಸ್ಕ್ರೈಬ್‌ನನ್ನು ಭೇಟಿ ಮಾಡಿ, ಇವರು ಆಗುತ್ತಾರೋ ಇಲ್ಲವೋ ಎಂದು ನೋಡಿಕೊಳ್ಳಲು ಬಿಡಬೇಕು.

ಡಿಗ್ರಿಗೆ ಒಂದು ಹೆಜ್ಜೆ ಕೆಳಗೆ ಅಂದರೆ ಪಿಯು ಮಕ್ಕಳು. ನಮ್ಮ ಮೊದಲ ಸೆಮಿಸ್ಟರ್ ಪರೀಕ್ಷೆ ಬಂದಾಗ ಅವರಿಗೆ ಪೂರ್ವಸಿದ್ಧತಾ ಪರೀಕ್ಷೆ. ಒಪ್ಪಿಕೊಂಡಿದ್ದ ಹುಡುಗನ ತಾಯಿ ಹಿಂದಿನ ರಾತ್ರಿ ಫೋನ್ ಮಾಡಿ, "ನಮ್ಮ ಹುಡುಗಂದು ನಾಳೆ ಪೇಪರ್ ಐತ್ರಿ, ಬ್ಯಾಡ್ರಿ" ಎಂದರು. ಅವರದ್ದೇನು ತಪ್ಪು? ಬೆಳಗ್ಗೆ ಏಳಕ್ಕೆ ಬೈಕ್ ಹತ್ತಿ ಪರಿಚಯದ ಮನೆಗಳಿಗೆಲ್ಲ ಅಲೆದು, ಒಂಬತ್ತೂವರೆಗೆ ಒಬ್ಬನನ್ನು ಕರೆತಂದೆ. ಸೈನ್ಸ್ ಹುಡುಗ, ಇಂಗ್ಲಿಷ್ ಮೀಡಿಯಂ, ಬಹಳ ಒಳ್ಳೆಯವನು, ಕನ್ನಡ ಬರೆಯುವುದು ಮಾತ್ರ ನಿಧಾನ. ಪೇಪರ್ ರಾಜ್ಯಶಾಸ್ತ್ರ.

ಹೆಚ್ಚಿನ ಸಮಯ ಇರುವುದರಿಂದ ಬೇರೆ ಕೋಣೆ. ಇಂಡಿಯ ಹುಡುಗ ಹೇಳುತ್ತಾ ಹೋದ. 'ಜಾತ್ಯತೀತ' ಎಂದಾಗ ಪೆನ್ನು ನಿಂತಿತು. "ಅಣ್ಣಾ, ತ-ಗೆ ಯ ಒತ್ತೋ, ತ ಒತ್ತೋ?" ಹುಟ್ಟಿನಿಂದ ಕಣ್ಣು ಕಾಣದವನು ಕನ್ನಡದ ಒತ್ತಕ್ಷರದ ಆಕಾರ ಎಂದೂ ನೋಡಿಲ್ಲ. ಅವನು ಕಲಿತದ್ದು ಆರು ಚುಕ್ಕಿಯ ಬ್ರೈಲ್. ಆದರೂ ಬಿಡಿಸಿ ಹೇಳಿದ: ತ, ಅದಕ್ಕೆ ಯ ಒತ್ತು, ಮತ್ತೆ ತ-ಗೆ ದೀರ್ಘ. ಪ್ರತಿ ಪುಟದಲ್ಲಿ ಹೀಗೇ ಎಂಟತ್ತು ಸಲ. ಬಾಗಿಲ ಹೊರಗೆ ನಿಂತ ನನಗೆ ಉತ್ತರದಷ್ಟೇ ಕಾಗುಣಿತವೂ ಕೇಳುತ್ತಿತ್ತು.

ಒಂದು ಗಂಟೆಗೆ ಬೆಲ್ ಆಯಿತು. ಉಳಿದ ಕೋಣೆಗಳು ಖಾಲಿಯಾದವು. ಆ ಕೋಣೆಯ ಮೇಲ್ವಿಚಾರಕರು ವಾಚ್ ನೋಡಿಕೊಂಡರು. ಹೊರಗೆ ಬೆಂಚು ಎಳೆಯುವ ಸದ್ದು, ಕಸ ಗುಡಿಸುವ ಸದ್ದು, ಉತ್ತರ ಪತ್ರಿಕೆಯ ಬಂಡಲ್ ಕಟ್ಟುವವರ ಮಾತು. ಒಬ್ಬರು ಬಾಗಿಲಲ್ಲಿ ಇಣುಕಿ, "ಆತಿಲ್ರಿ ಇನ್ನ? ಬಂಡಲ್ ಕಟ್ಟಬೇಕು" ಎಂದರು. ನಾನು ಮಾರ್ಗಸೂಚಿಯ ಪ್ರಿಂಟನ್ನು ಜೇಬಿನಲ್ಲಿ ಮಡಚಿ ಇಟ್ಟುಕೊಂಡಿದ್ದೆ, ತೆಗೆದು ತೋರಿಸಿದೆ. ಅವರು ಓದಲಿಲ್ಲ, ಆದರೆ ಹೋದರು. ಹತ್ತು ನಿಮಿಷಕ್ಕೆ ಮತ್ತೊಬ್ಬರು. ನಾಲ್ಕನೇ ಗಂಟೆ ಅವನದ್ದೇ ಗಂಟೆ, ಆದರೆ ಪ್ರತಿ ಹತ್ತು ನಿಮಿಷಕ್ಕೆ ಅದನ್ನು ಅವನು ಸಾಲ ಪಡೆದವನ ಹಾಗೆ ಕೂತಿದ್ದ. ಒಂದೂವರೆಗೆ, "ಸಾಕ್ರಿ ಸರ, ಕೊಡ್ತೀನಿ" ಎಂದ. ಒಂದು ಹತ್ತು ಅಂಕದ ಪ್ರಶ್ನೆ ಮುಟ್ಟಿಯೇ ಇರಲಿಲ್ಲ. ನಾನು ಕೂರು ಎಂದೆ. ಅವನು ಎದ್ದ.

ಆ ಪೇಪರ್‌ನಲ್ಲಿ ಅವನು ಫೇಲಾದ. ಉಳಿದದ್ದೆಲ್ಲ ಪಾಸು.

ಮರು ಸೆಮಿಸ್ಟರ್‌ಗೆ ಪಿಯು ಪರೀಕ್ಷೆ ಮುಗಿದ ಕೂಡಲೇ ಆರ್ಟ್ಸ್ ಓದಿದ ಒಬ್ಬ ಹುಡುಗಿಯನ್ನು ಗೊತ್ತು ಮಾಡಿದೆವು. ಪರೀಕ್ಷೆಗೆ ಮೂರು ವಾರ ಇರುವಾಗಲೇ ಇಬ್ಬರೂ ಕೂತು ಹಳೆಯ ಪ್ರಶ್ನೆಪತ್ರಿಕೆ ಬರೆದರು. ಆಕೆಗೆ ಬೆಲ್ಲದ ಚಹಾ, ಅವನಿಗೆ ಹೊಸ ಸಮಾಧಾನ. ನಾಲ್ಕನೇ ಗಂಟೆಗೆ ಮೊದಲೇ ಲಿಖಿತ ಆದೇಶ ಹೊರಡಿಸಿ, ಅವರ ಕೋಣೆಯನ್ನು ಕಾರಿಡಾರಿನ ಕೊನೆಗೆ ಹಾಕಿಸಿ, ಬಂಡಲ್ ಕಟ್ಟುವ ಕೋಣೆಯನ್ನು ಇನ್ನೊಂದು ತುದಿಗೆ ತಳ್ಳಿದೆವು. ಈ ಸಲ ಅವನು ಕೊನೆಯ ಐದು ನಿಮಿಷ ಉಳಿಸಿ, ಒಮ್ಮೆ ಎಲ್ಲ ಓದಿಸಿಕೊಂಡು ಎದ್ದ. ಬಾಕಿ ಉಳಿದ ರಾಜ್ಯಶಾಸ್ತ್ರ ಮತ್ತೆ ಕಟ್ಟಬೇಕು.

ಫೆಬ್ರವರಿಯಲ್ಲಿ ನಾಲ್ಕನೆಯವಳು ಬಂದಳು, ಬಿ.ಎಸ್ಸಿ. ಬಾಯಿಂದ ಕೇಳಿದರೆ ಎಲ್ಲ ಹೇಳುತ್ತಾಳೆ, ಬರೆಯಲು ಕೂತರೆ ಅಕ್ಷರ ಕಲಸಿಹೋಗುತ್ತವೆ. ಎಲ್ಲರೂ ದಡ್ಡಿ ಎಂದೇ ತಿಳಿದಿದ್ದರು. ಕಲಿಕೆಯ ಈ ತೊಂದರೆಯೂ ಆ 21ರಲ್ಲಿ ಒಂದು. ಶೇ. 40 ಇಲ್ಲದಿದ್ದರೂ ಸ್ಕ್ರೈಬ್ ಕೇಳಬಹುದು ಎಂದು 2021ರ ಫೆಬ್ರವರಿ 11ಕ್ಕೆ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದರ ಮೇಲೆ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಬಂತು. ಆದರೆ ವೈದ್ಯರ ಪ್ರಮಾಣಪತ್ರ ಬೇಕು. ಮನೆಯವರು ಒಪ್ಪಲು ಎರಡು ತಿಂಗಳು, ಪರೀಕ್ಷೆಗೆ ದಿನ ಸಿಗಲು ಇನ್ನಷ್ಟು. ಪ್ರಮಾಣಪತ್ರ ಕೈಗೆ ಬಂದಾಗ ಪರೀಕ್ಷೆ ಮುಗಿದು ನಾಲ್ಕು ದಿನ ಆಗಿತ್ತು. ಆ ನಾಲ್ಕು ದಿನವನ್ನೂ ಬರೆದಿಟ್ಟಿದ್ದೇನೆ.

ಜುಲೈನಲ್ಲಿ ವಾರ್ಷಿಕ ವರದಿಯ ಫಾರಂ ಬಂತು. ರ‍್ಯಾಂಪ್ ಇದೆಯೇ? ಹೌದು. ಶೌಚಾಲಯ? ಹೌದು. ಪರದೆ ಓದುವ ತಂತ್ರಾಂಶ? ಹೌದು. ಸ್ಕ್ರೈಬ್? ಹೌದು. ಎಲ್ಲಕ್ಕೂ ಹೌದು ಹಾಕಿದೆ, ಒಂದೂ ಸುಳ್ಳಲ್ಲ. ಜೊತೆಗೆ ರಿಜಿಸ್ಟರ್‌ನ ಹನ್ನೊಂದು ಪುಟ ಝೆರಾಕ್ಸ್ ಮಾಡಿ ಪಿನ್ ಹೊಡೆದು ಆಫೀಸಿಗೆ ಕೊಟ್ಟೆ. ಸಂಜೆ ಗುಮಾಸ್ತರು ವಾಪಸ್ ತಂದರು. "ಸರ, ಇದಕ್ಕ ಕಾಲಂ ಇಲ್ಲಂತ್ರಿ."

ರ‍್ಯಾಂಪನ್ನು ಒಡೆದು ಕಟ್ಟುವ ಕೆಲಸ ಬೇಸಿಗೆ ರಜೆಯಲ್ಲಿ ಆಯಿತು. ಹದಿನೆಂಟು ಅಡಿ, ಎರಡೂ ಕಡೆ ಕಂಬಿ, ಜಾರದ ಕಲ್ಲು. ಗಾಡಿಗಳನ್ನು ಈಗ ಹಿಂದಿನ ಮೈದಾನದಲ್ಲಿ ನಿಲ್ಲಿಸುತ್ತಾರೆ, ಬೈಯುತ್ತಲೇ. ಬಿ.ಕಾಂ. ಹುಡುಗಿ ಮೊದಲ ದಿನ ಒಬ್ಬಳೇ ಹತ್ತಿ, ಮೇಲೆ ನಿಂತು, ಮತ್ತೆ ಇಳಿದು, ಮತ್ತೆ ಹತ್ತಿದಳು. ಹಿಂದೆ ನೂಕಲು ಬಂದ ಹುಡುಗರಿಗೆ, "ಬಿಡ್ರೋ, ನಾನ ಬರ್ತೀನಿ" ಎಂದಳು.

ರಿಜಿಸ್ಟರ್‌ನ ಹನ್ನೆರಡನೇ ಪುಟದಲ್ಲಿ ಹೊಸ ವರ್ಷದ ಎರಡು ಸಾಲು ಬಂದಿವೆ. ಎರಡೂ ಆಯಾ ಅವರು ಬರೆಸಿದ್ದು.